ಉಮ್ ಅಲ್ ಹಸ್ಸಮ್‌ನ ಶಿಕ್ಕೆನ್

ಹೇಳಿದ್ದಕ್ಕೆಲ್ಲ ತಲೆಯಾಡಿಸಿಕೊಂಡಿದ್ದ ಸಾಹೇಬರು ಇದ್ದಕ್ಕಿದ್ದಂತೆ ಸ್ವಂತ ಬುದ್ಧಿ ಓಡಿಸತೊಡಗಿದರೆ ಯಾರ ಹೊಟ್ಟೆ ತಾನೇ ಉರಿಯುವುದಿಲ್ಲ? ಬಹ್ರೈನಿನ ಡಿಪ್ಲೊಮ್ಯಾಟಿಕ್ ಏರಿಯಾದ ಜಪಾನಿ ಕಂಪನಿಯೊಂದಕ್ಕೆ ಹೆಸರಿಗೆ ನಕಾನೋ ಸಾಹೇಬರು ಮುಖ್ಯಸ್ಥರು. ನಡೆಸುವವನು ಆಫೀಸ್ ಮ್ಯಾನೇಜರ್ ಜೊಕಿಮ್. ಅಲ್ಲಿ ಗುರುವಾರದ ರಜೆ ಶನಿವಾರಕ್ಕೆ ಬದಲಾದ ಆ ವರ್ಷ, ಸಾಹೇಬರು ಅವನನ್ನು ಕೇಳದೆಯೇ ಒಬ್ಬ ಡ್ರೈವರನ್ನು ನೇಮಿಸಿಬಿಟ್ಟರು. ಅಂದಿನಿಂದ ಜೊಕಿಮ್‌ಗೆ ಮೀನುಸಾರೂ ರುಚಿಸಲಿಲ್ಲ.

ಉಪಾಯ ಕೊಟ್ಟವರೂ ಸಾಹೇಬರೇ, ಪಾಪ! ಚಹಾ ಕುಡಿಯುತ್ತಾ ತಮ್ಮೂರು ಕಾಮಾಕುರಾದ ಹಳೆಯ ಕತೆ ಹೇಳುವುದು ಅವರ ರೂಢಿ. ಅಲ್ಲಿ ಶೋಗುನ್ ಎಂಬ ದೊರೆ ಹೆಸರಿಗೆ ಮಾತ್ರ; ಆಳುತ್ತಿದ್ದವರು ಶಿಕ್ಕೆನ್ ಎಂಬ ರಾಜಪ್ರತಿನಿಧಿಗಳು. ಕ್ಯೋಟೋದಿಂದ ಎಳೆಮಗುವನ್ನು ತಂದು ಗದ್ದುಗೆಯಲ್ಲಿ ಕೂರಿಸುವುದು, ಅದು ಬೆಳೆದು ತಲೆಯೆತ್ತಿದರೆ ವಾಪಸ್ ಕಳಿಸಿ ಇನ್ನೊಂದನ್ನು ತರುವುದು. ಎಷ್ಟೇ ಬಲವಿದ್ದರೂ ಶಿಕ್ಕೆನ್ ಶೋಗುನ್‌ಗೆ ತಲೆಬಾಗುವುದನ್ನು ಬಿಡಲಿಲ್ಲ ಎಂದು ಸಾಹೇಬರು ಕತೆ ಮುಗಿಸುವ ಹೊತ್ತಿಗೆ ಜೊಕಿಮ್ ಕೇಳುವುದನ್ನೇ ಬಿಟ್ಟಿರುತ್ತಿದ್ದ.

ಸಾಹೇಬರನ್ನೂ ವಾಪಸ್ ಕಳಿಸುವುದೇ ಸರಿ ಎಂದು ಅವನು ಉಮ್ ಅಲ್ ಹಸ್ಸಮ್ ಬಡಾವಣೆಯ ತನ್ನ ಮನೆಯಲ್ಲಿ ಹೆಂಡತಿ ಫ್ಲಾವಿಯಾಳಿಗೆ ಹೇಳಿದ.

“ನಿಮ್ಮ ವೀಸಾ ಅವರ ಕೈಯಲ್ಲುಂಟು ಮಾರಾಯ್ರೆ,” ಎಂದಳು ಆಕೆ. “ಸುಮ್ಮನೆ ಇರಿ.”

ಸುಮ್ಮನಿರುವ ಜಾಯಮಾನವೇ ಅವನದು? ಹಿಂದಿನ ಮುಖ್ಯಸ್ಥರು ಊರಿಗೆ ವರ್ಗ ಕೇಳಿ ಜಪಾನಿಯಲ್ಲಿ ಬರೆದ ಅರ್ಜಿ ಕಂಪ್ಯೂಟರಿನಲ್ಲೇ ಇತ್ತು. ಹೆಸರು, ತಾರೀಕು ಬದಲಿಸಿದರೆ ಮುಗಿಯಿತು. ಟೋಕಿಯೊದ ಹೆಡ್ ಆಫೀಸು ಬಾ ಎಂದರೆ ನಕಾನೋ ಏಕೆಂದು ಕೇಳುವ ಪೈಕಿಯವರಲ್ಲ. ಸಹಿಯ ಬದಲು ಒತ್ತುವ ಅವರ ಮುದ್ರೆಯಿರುವ ಡ್ರಾಯರಿನ ಇನ್ನೊಂದು ಕೀ ಜೊಕಿಮ್ ಬಳಿಯೇ ಇತ್ತು. ಇಲ್ಲಿನ ಕಾಗದಗಳಿಗೆಲ್ಲ ಒತ್ತುವವನು ಅವನೇ. ಟೋಕಿಯೊಗೆ ಹೋಗುವ ಕಾಗದಕ್ಕೆ ಮಾತ್ರ ಸಾಹೇಬರು ತಾವೇ ಒತ್ತುತ್ತಿದ್ದರು, ಅದೂ ಪ್ರತಿ ಸಲ ಸೊಟ್ಟಗೆ, ಎಡಕ್ಕೆ ವಾಲಿದಂತೆ. ವಯಸ್ಸಾಯಿತು, ಕೈ ನಡುಗುತ್ತದೆ ಎಂದು ಜೊಕಿಮ್ ಮರುಗುತ್ತಿದ್ದ. ತಾನು ಮಾತ್ರ ಸ್ಕೇಲ್ ಇಟ್ಟು, ಉಸಿರು ಬಿಗಿಹಿಡಿದು, ಕಂಬದಷ್ಟು ನೆಟ್ಟಗೆ ಒತ್ತಿದ. ಸಾಹೇಬರ ಜನ್ಮದಲ್ಲೇ ಇಷ್ಟು ಚಂದ ಬಿದ್ದಿರಲಿಲ್ಲ ಎಂದು ಹೆಮ್ಮೆಪಟ್ಟು ಅರ್ಜಿಯನ್ನು ಟೋಕಿಯೊಗೆ ಕಳಿಸಿದ.

ಮುಂದಿನ ವಾರ ಸಾಹೇಬರು ಅವನನ್ನು ಒಳಗೆ ಕರೆದು ತಾವೇ ಚಹಾ ಬಗ್ಗಿಸಿಕೊಟ್ಟರು. ಲೋಟದ ಪಕ್ಕದಲ್ಲಿ ಟೋಕಿಯೊ ವಾಪಸ್ ಕಳಿಸಿದ ಆ ಅರ್ಜಿ, ಅದರ ಮೇಲೆ ಮಂಗಳೂರಿನ ಟಿಕೆಟ್ ಇತ್ತು, ಹೋಗುವುದಕ್ಕೆ ಮಾತ್ರ, ಜೊಕಿಮ್‌ನ ಹೆಸರಿನಲ್ಲಿ. ಅವರು ಸಿಟ್ಟಾಗಲಿಲ್ಲ, ಎಂದಿನಂತೆ ಕತೆ ಹೇಳುವ ದನಿಯಲ್ಲೇ ಮಾತಾಡಿದರು. “ನಮ್ಮ ಕಂಪನಿಯಲ್ಲಿ ಕೆಳಗಿನವನು ಮುದ್ರೆಯನ್ನು ಎಡಕ್ಕೆ ವಾಲಿಸಿಯೇ ಒತ್ತಬೇಕು, ಜೊಕಿಮ್. ಆ ಪಕ್ಕದಲ್ಲಿ ಮೇಲಿನವರ ಮುದ್ರೆ ಬೀಳುತ್ತದೆ. ಅದಕ್ಕೆ ತಲೆಬಾಗಿದ ಹಾಗೆ. ಇಷ್ಟು ವರ್ಷಗಳಲ್ಲಿ ನನ್ನ ಮುದ್ರೆ ಬಾಗದೆ ನಿಂತದ್ದು ಇದೇ ಮೊದಲು.”