ದುಭಾಷಿ ಬದಲಾದ ದಿನ

"ಅಮ್ಮನಿಗೆ ಇದನ್ನ ಹೇಳಬೇಡಿ."

ವೈದ್ಯರು ಮಾತು ಮುಗಿಸಿ ಕನ್ನಡಕ ತೆಗೆದಿಟ್ಟ ಗಳಿಗೆಯಲ್ಲೇ ಅವನು ಹೀಗೆಂದ. ಧ್ವನಿ ತಗ್ಗಿಸಿ, ಅಮ್ಮನಿಗೆ ಬಾರದ ಭಾಷೆಯಲ್ಲಿ, ಎದುರಿಗಿದ್ದವಳ ಕಣ್ಣನ್ನೇ ನೋಡುತ್ತ.

ಅವಳು ಆ ದೊಡ್ಡ ಆಸ್ಪತ್ರೆಯ ದುಭಾಷಿ. ಹೊರದೇಶದಿಂದ ಬಂದು, ಇಲ್ಲಿಯ ಭಾಷೆ ಬಾರದೆ ಒದ್ದಾಡುವ ರೋಗಿಗಳಿಗೂ ವೈದ್ಯರಿಗೂ ನಡುವೆ ಕುಳಿತು ಮಾತು ದಾಟಿಸುವುದು ಅವಳ ಕೆಲಸ. ಅವಳೂ ಹಾಗೆಯೇ ಚಿಕ್ಕವಳಿದ್ದಾಗ ಬಂದವಳು, ಅವರದೇ ಭಾಷೆಯವಳು.

ಎದುರಿಗಿದ್ದವನು ಕಟ್ಟಡಗಳ ಕಿಟಕಿಗೆ ಗಾಜು ಕೂರಿಸುವವನು. ಕೆಲಸದ ಜಾಗದಲ್ಲಿ ಕಲಿತ ಇಲ್ಲಿಯ ಭಾಷೆ ಅವನಿಗೆ ಸಾಕಷ್ಟು ಬರುತ್ತಿತ್ತು. ಹಾಗಾಗಿ ವೈದ್ಯರ ಮಾತು ಅವನಿಗೆ ಆಗಲೇ ಅರ್ಥವಾಗಿಹೋಗಿತ್ತು. ಪಕ್ಕದಲ್ಲಿ ಅವನ ಅಮ್ಮ ಕುಳಿತಿದ್ದಳು. ಆರು ವರ್ಷ ಕಚೇರಿಗಳ ನೆಲ ಒರೆಸಿ ಬೆನ್ನು ಬಾಗಿದ ಹೆಂಗಸು. ಮೂವರ ಮುಖವನ್ನೂ ಒಂದಾದ ಮೇಲೊಂದು ನೋಡುತ್ತಿದ್ದಳು.

"ಇಲ್ಲಿ ಆಡಿದ್ದನ್ನೆಲ್ಲ ನಾನು ಹೇಳಲೇಬೇಕು," ಎಂದಳು ದುಭಾಷಿ ಮೆಲ್ಲಗೆ. "ಒಂದು ಮಾತು ಸೇರಿಸೋ ಹಾಗಿಲ್ಲ, ಒಂದು ಮಾತು ಬಿಡೋ ಹಾಗೂ ಇಲ್ಲ."

ಮತ್ತೆ ತಾಯಿಯ ಕಡೆ ತಿರುಗಿ ಎಲ್ಲವನ್ನೂ ಹೇಳಿದಳು. ಇದು ರಕ್ತದ ಕ್ಯಾನ್ಸರ್. ವಾಸಿಯಾಗುವ ಸಾಧ್ಯತೆ ಇದೆ. ಐದಾರು ತಿಂಗಳು ಪ್ರತಿ ಮಂಗಳವಾರ ಬಂದು ಔಷಧಿ ಹಾಕಿಸಿಕೊಳ್ಳಬೇಕು. ಅಲ್ಲಿಯವರೆಗೆ ಕೆಲಸಕ್ಕೆ ಹೋಗುವಂತಿಲ್ಲ.

ತಾಯಿ ಮಗನ ಕಡೆ ಒಮ್ಮೆ ನೋಡಿದಳು. ಅಳಲಿಲ್ಲ. ಕೂದಲು ಉದುರುತ್ತದೆಯೇ ಎಂದಷ್ಟೇ ಕೇಳಿದಳು. ಆಮೇಲೆ ದುಭಾಷಿಯ ಮೊಣಕೈ ಮುಟ್ಟಿ, "ನೇರವಾಗಿ ಹೇಳಿದೋಳು ನೀನೊಬ್ಬಳೇ ಕಣಮ್ಮ. ಇವನು ಎರಡು ತಿಂಗಳಿಂದ ನಂಗೆ ಬರೀ ಸುಸ್ತು ಅಂತಿದ್ದ," ಎಂದಳು.

ಆದರೆ ಮಗನ ಸಿಟ್ಟು ಇಳಿದಿರಲಿಲ್ಲ. ಹೊರಗೆ ಬಂದವನೇ ಅವಳಿಗೆ ಅಡ್ಡ ನಿಂತು, "ನಿಮಗೆ ಕರುಳು ಅನ್ನೋದು ಇದೆಯಾ?" ಎಂದು ಕೇಳಿದ.

ಅವಳು ನೆಟ್ಟಗೆ ಕೈ ತೊಳೆಯುವ ಜಾಗಕ್ಕೆ ಹೋಗಿ ಮೂರು ಸಲ ಮುಖ ತೊಳೆದುಕೊಂಡಳು. ಅವನಿಗೇನು ಗೊತ್ತು, ಅವಳ ಕರುಳಿನ ಕಥೆ...

ಅದು ಅವನಿಗೆ ತಿಳಿದದ್ದು ಒಂದು ತಿಂಗಳಾದ ಮೇಲೆ.

ಅಷ್ಟರಲ್ಲಿ ಆ ಮನೆಯ ಪರಿಸ್ಥಿತಿ ಬಿಗಡಾಯಿಸಿತ್ತು. ತಾಯಿಯ ಕೆಲಸ ಹೋಗಿತ್ತು. ಅಮ್ಮನನ್ನು ನೋಡಿಕೊಳ್ಳಲು ಮಗ ಪದೇ ಪದೇ ರಜೆ ಹಾಕಿದ್ದಕ್ಕೆ ಮೇಸ್ತ್ರಿ ಅವನನ್ನು ವಾರಕ್ಕೆ ಮೂರೇ ದಿನ ಕರೆಯತೊಡಗಿದ್ದ. ಗಾಜು ಸಾಗಿಸುತ್ತಿದ್ದ ಹಳೆಯ ವ್ಯಾನನ್ನು ಅವನು ಮಾರಿಬಿಟ್ಟಿದ್ದ. ಬಾಡಿಗೆ ಕೊಡದಿದ್ದರೆ ಮನೆ ಖಾಲಿ ಮಾಡಿ ಎಂದು ಮಾಲೀಕರ ಪತ್ರ ಬಂದಿತ್ತು.

ಯಾರೂ ಅವಳಿಗೆ ಇದನ್ನು ಹೇಳಲಿಲ್ಲ. ಕಷ್ಟವಿದೆಯೆಂದು ಅವಳೇ ಊಹಿಸಿಕೊಂಡಳು. ಆಸ್ಪತ್ರೆಯಲ್ಲಿ ಅಮ್ಮನಿಗೆ ಕೊಟ್ಟ ಊಟದಲ್ಲಿ ಅರ್ಧ ತಿನ್ನು ಎಂದು ತಾಯಿ ಒತ್ತಾಯಿಸಿದರೆ, ತನ್ನದು ಆಯಿತೆಂದು ಅವನು ತಟ್ಟೆಯಿಂದ ಕಣ್ಣು ಕಿತ್ತು ಕಿಟಕಿಯ ಕಡೆ ತಿರುಗುತ್ತಿದ್ದ. ನಾಲ್ಕು ಮಂಗಳವಾರ ಇದೇ ನಡೆದಾಗ ದುಭಾಷಿಗೆ ತಡೆಯಲಾಗಲಿಲ್ಲ. ಕಷ್ಟದಲ್ಲಿರುವ ರೋಗಿಗಳ ಕುಟುಂಬಕ್ಕೆ ಆಸ್ಪತ್ರೆಯಲ್ಲೇ ಒಂದು ನೆರವಿನ ಸಮಿತಿ ಇದೆ, ಅರ್ಜಿ ಹಾಕಿ ಎಂದಳು.

ಅರ್ಜಿ ಹನ್ನೊಂದು ಪುಟದ್ದು. ಅದನ್ನು ಅವರ ಪರವಾಗಿ ಇಲ್ಲಿಯ ಭಾಷೆಯಲ್ಲಿ ಬರೆಯುವ ಕೆಲಸವೂ ಅವಳಿಗೇ ಬಂತು. ತಾಯಿಗೆ ಔಷಧಿ ಹಾಕುವ ಆರನೇ ಕೋಣೆಯ ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಏಳನೇ ಪುಟದಲ್ಲಿ ಒಂದು ಪ್ರಶ್ನೆಯಿತ್ತು. ಮನೆಯಲ್ಲಿ ಎಲ್ಲರಿಗೂ ಸಾಲುವಷ್ಟು ಊಟ ಇಲ್ಲದ ದಿನಗಳು ವಾರಕ್ಕೆ ಎಷ್ಟು?

"ಇಲ್ಲ ಅಂತ ಬರೀರಿ," ಎಂದ ಅವನು.

"ನೀವು ಹೇಳಿದ್ದನ್ನೇ ಬರೀತೀನಿ. ಆದ್ರೆ ನಿಜ ಹೇಳಿ."

ಅವನು ನೆಲ ನೋಡುತ್ತ, ಮೂರು ಎಂದ. ಅವಳು ತಲೆಯೆತ್ತಲಿಲ್ಲ. ಬರೆದು ಪುಟ ತಿರುವಿದಳು, ಅಷ್ಟೇ. ಆ ಕ್ಷಣದಲ್ಲಿ ಅವಳು ತನ್ನ ಮುಖ ನೋಡದೆ ಇದ್ದದ್ದಕ್ಕೆ ಅವನು ಎಷ್ಟು ಋಣಿಯಾಗಿದ್ದನೆಂದು ಅವಳಿಗೆ ಗೊತ್ತಾಗಲಿಲ್ಲ.

ಅರ್ಜಿ ಮುಗಿದ ಮೇಲೆ ಅವಳು ತನ್ನ ಅಪ್ಪನ ವಿಷಯ ಹೇಳಿದಳು. ಅವಳಿಗೆ ಹದಿನಾಲ್ಕಾಗಿದ್ದಾಗ ಅಪ್ಪ ಕಾಯಿಲೆ ಬಿದ್ದರು. ಮನೆಯಲ್ಲಿ ಇಲ್ಲಿಯ ಭಾಷೆ ಬರುತ್ತಿದ್ದದ್ದು ಅವಳಿಗೊಬ್ಬಳಿಗೇ. ಅಪ್ಪನಿಗೆ ನಿಜ ಹೇಳಬೇಡ ಎಂದು ದೊಡ್ಡವರು ಹೇಳಿಕೊಟ್ಟಿದ್ದರು. ವೈದ್ಯರು ಹೇಳಿದ್ದನ್ನೆಲ್ಲ ನುಂಗಿಕೊಂಡು, ಬೇಗ ಮನೆಗೆ ಹೋಗಬಹುದಂತೆ ಎಂದು ಅವಳು ನಗುನಗುತ್ತಾ ಹೇಳಿದಳು. ಅಪ್ಪ ಅದನ್ನೇ ನಂಬಿದರು. ಯಾರಿಗೂ ಕೊನೆಯ ಮಾತು ಹೇಳದೆ ತೀರಿಹೋದರು.

ಅವನು ಕೇಳುತ್ತ ಕುಳಿತ. ಆಮೇಲೆ, ಅವತ್ತು ಕರುಳಿನ ಮಾತು ಆಡಬಾರದಿತ್ತು ಎಂದ. ಪರವಾಗಿಲ್ಲ ಎಂದಳು ಅವಳು. ಅಂದಿನಿಂದ ಮಂಗಳವಾರ ಬಂತೆಂದರೆ ಅವಳು ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲತೊಡಗಿದಳು. ದುಭಾಷಿಗಳ ಕೋಣೆಯ ಕಿಟಕಿಯ ಗಾಜು ಬಿರುಕು ಬಿಟ್ಟು, ಚಳಿಗಾಳಿ ನುಗ್ಗುತ್ತದೆಂದು ಯಾವಾಗಲೋ ಮಾತಿಗೆ ಅಂದಿದ್ದಳು. ಮುಂದಿನ ವಾರವೇ ಅವನು ಅಳತೆಗೆ ಕತ್ತರಿಸಿದ ಗಾಜು ತಂದು, ಅಮ್ಮನಿಗೆ ಔಷಧಿ ಏರಿಸುವ ಹೊತ್ತಿನಲ್ಲಿ ಕೂರಿಸಿಕೊಟ್ಟಿದ್ದ.

ಮೂರನೇ ತಿಂಗಳ ಪರೀಕ್ಷೆಯ ಫಲಿತಾಂಶ ಬಂದ ದಿನ ಅವಳು ತಪ್ಪಿದಳು.

ಔಷಧಿ ಅಂದುಕೊಂಡಷ್ಟು ನಾಟುತ್ತಿಲ್ಲ, ಬೇರೆ ಔಷಧಿಗೆ ಬದಲಾಯಿಸಬೇಕು, ಅದು ಹಿಡಿಯದಿದ್ದರೆ ಕಷ್ಟ ಎಂದರು ವೈದ್ಯರು. ಅವಳು ತಾಯಿಯ ಕಡೆ ತಿರುಗಿದಳು. ಇನ್ನೂ ಸ್ವಲ್ಪ ಸಮಯ ಹಿಡಿಯುತ್ತದಂತೆ ಎಂದುಬಿಟ್ಟಳು. ಅವನು ಬೆಚ್ಚಿ ಅವಳನ್ನು ನೋಡಿದ. ತಕ್ಷಣವೇ ಅವಳು ತಿದ್ದಿಕೊಂಡು, ತಾಯಿಯ ಕ್ಷಮೆ ಕೇಳಿ, ವೈದ್ಯರ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು.

ಅದೇ ಮಧ್ಯಾಹ್ನ ಮೇಲಧಿಕಾರಿಯ ಬಳಿ ಹೋಗಿ, ಈ ಕುಟುಂಬಕ್ಕೆ ಬೇರೆ ದುಭಾಷಿಯನ್ನು ಹಾಕಿ ಎಂದಳು. ಕಾರಣ ಕೇಳಿದರೆ, "ಅವರು ನನಗೆ ಹೊರಗಿನವರಾಗಿ ಉಳಿದಿಲ್ಲ. ನನ್ನ ಬಾಯಲ್ಲಿ ಸರಿಯಾಗಿ ಮಾತು ಬರಲ್ಲ. ಇದರಿಂದ ಅವರಿಗೇ ತೊಂದರೆ," ಎಂದಳು.

ಮೇಲಧಿಕಾರಿ ಒಳ್ಳೆಯ ಹೆಂಗಸು. ಕೇಳಿದ್ದನ್ನು ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. ನೆರವಿನ ಅರ್ಜಿ ಬರೆದವಳು ಅವಳು. ಆ ಮನೆಯವರಿಗೆ ಅವಳು ಬೇಕಾದವಳು ಎಂದು ಸಮಿತಿಗೆ ಗೊತ್ತಾದರೆ ಅರ್ಜಿಯನ್ನೇ ಪಕ್ಕಕ್ಕಿಡುತ್ತಾರೆ. ತೀರ್ಮಾನ ಆಗುವವರೆಗೆ ನೋಡುವುದು, ಫೋನು ಮಾಡುವುದು ಯಾವುದೂ ಬೇಡ. ಯಾಕೆ ಎಂದು ತಿಳಿಸುವುದೂ ಬೇಡ.

ಅವಳು ತಲೆಯಾಡಿಸಿ ಬಂದಳು.

ಮುಂದಿನ ಮಂಗಳವಾರ ಅವಳ ಜಾಗದಲ್ಲಿ ಒಬ್ಬ ವಯಸ್ಸಾದ ದುಭಾಷಿ ಕುಳಿತಿದ್ದರು. ಆಕೆ ತಾನಾಗಿಯೇ ಕೇಳಿ ಬೇರೆ ಕಡೆ ಹಾಕಿಸಿಕೊಂಡಳಂತೆ ಎಂದರು ಆ ಮನುಷ್ಯ, ಏನೂ ಅರಿಯದೆ.

ಗಾಜಿನವನ ಎದೆಯಲ್ಲಿ ಏನೋ ಮುರಿಯಿತು. ನಮ್ಮ ಮನೆಯ ಬಡತನವನ್ನೆಲ್ಲ ತನ್ನ ಕೈಯಿಂದಲೇ ಬರೆದವಳು... ಇಷ್ಟೆಲ್ಲ ತಿಳಿದ ಮೇಲೆ ಯಾರು ತಾನೇ ನಿಲ್ಲುತ್ತಾರೆ? ಹೀಗೆಂದುಕೊಂಡ. ಇನ್ನೊಂದು ದಿನ ಉದ್ದನೆಯ ಪಡಸಾಲೆಯ ಆ ತುದಿಯಲ್ಲಿ ಅವಳು ಕಂಡಳು. ಅವನನ್ನು ನೋಡಿದವಳೇ ಸರಕ್ಕನೆ ಮೆಟ್ಟಿಲ ಕಡೆ ತಿರುಗಿದಳು. ಅವನು ಮತ್ತೆ ಅವಳ ಬಗ್ಗೆ ಯಾರನ್ನೂ ಕೇಳಲಿಲ್ಲ.

ಮೆಟ್ಟಿಲ ಮೇಲೆ ಕುಳಿತು ಅವಳು ಅತ್ತದ್ದನ್ನು ಕಂಡವರಿಲ್ಲ.

ಮನೆಯಲ್ಲಿ ಮಾತ್ರ ಮುಚ್ಚಿಡಲಾಗಲಿಲ್ಲ. ಅವಳು ಚಿಕ್ಕಮ್ಮನ ಜೊತೆ ಇದ್ದಳು. ಬಟ್ಟೆ ಹೊಲಿಯುವ ಅಂಗಡಿಯ ಚಿಕ್ಕಮ್ಮನಿಗೆ ಬಾಯಿ ಬಹಳ, ಮನಸ್ಸು ಅದಕ್ಕಿಂತ ದೊಡ್ಡದು. ಅನ್ನ ಕೆದಕುತ್ತ ಕುಳಿತ ಹುಡುಗಿಯಿಂದ ವಿಷಯ ಹೊರಡಿಸಿದ ಚಿಕ್ಕಮ್ಮ, ನಿಯಮ ನಿನಗೆ ತಾನೇ, ನನಗೇನಿಲ್ಲವಲ್ಲ ಎಂದಳು. ವಿಳಾಸ ಕೇಳಿದರೆ ಇವಳು ಹೇಳಲಿಲ್ಲ, ನೀನೂ ಹೋಗಬೇಡ ಎಂದು ಕೈ ಮುಗಿದಳು. ಚಿಕ್ಕಮ್ಮ ಕೇಳುವವಳೇ? ತಮ್ಮ ದೇಶದಿಂದ ಬಂದ ನಾಲ್ಕು ಮನೆ ವಿಚಾರಿಸಿ ತಾನೇ ಪತ್ತೆಹಚ್ಚಿದಳು.

ಯಾರ ಹೆಸರೂ ಎತ್ತದೆ, ನಮ್ಮ ಕಡೆಯವರೆಂದು ಕೇಳಿ ಬಂದೆ ಎಂದಷ್ಟೇ ಹೇಳಿ ಆ ಮನೆಗೆ ಹೋದಳು. ಕೂದಲು ಉದುರಿದ ತಲೆಗೆ ಮೆತ್ತನೆಯ ಟೋಪಿಗಳನ್ನು ಹೊಲಿದುಕೊಟ್ಟಳು. ಹಗಲೆಲ್ಲ ಆ ತಾಯಿಯ ಪಕ್ಕದಲ್ಲೇ ಕುಳಿತು ತನ್ನ ಹೊಲಿಗೆ ಮಾಡಿಕೊಂಡಳು. ಅದರಿಂದ ಮಗ ಮತ್ತೆ ಆರು ದಿನ ಕೆಲಸಕ್ಕೆ ಹೋಗುವಂತಾಯಿತು.

ಸಂಜೆ ಮನೆಗೆ ಬಂದು, ಇವಳಿಗೆ ಬೆನ್ನು ಹಾಕಿ ಹೊಲಿಗೆ ಮಷಿನ್ ಮುಂದೆ ಕುಳಿತು, ಜೋರಾಗಿ ಶುರುಮಾಡುವಳು. ಇವತ್ತು ಆಯಮ್ಮ ಎರಡು ತುತ್ತು ಜಾಸ್ತಿ ತಿಂದಳು. ಹೊಸ ಔಷಧಿಗೆ ಜ್ವರ ಬಂದಿಲ್ಲ. ಆ ಹುಡುಗ ಮುಖ ಗಂಟು ಹಾಕಿಕೊಂಡೇ ಇರುತ್ತಾನೆ, ಯಾರೋ ಏನೋ ಕದ್ದುಕೊಂಡು ಹೋದ ಹಾಗೆ.

"ಚಿಕ್ಕಮ್ಮ, ನನಗೆ ಹೇಳಬೇಡ."

"ನಿನಗೆ ಯಾರೇ ಹೇಳಿದ್ದು? ನಾನು ಮಷಿನ್ ಹತ್ರ ಮಾತಾಡ್ತಿದ್ದೀನಿ."

ಹೀಗೆ ಏಳು ವಾರ ಕಳೆಯಿತು.

ಎಂಟನೆಯ ವಾರದ ಶುಕ್ರವಾರ ಮೇಲಧಿಕಾರಿ ಅವಳನ್ನು ಕರೆದರು. ಸಮಿತಿ ಅರ್ಜಿ ಒಪ್ಪಿತ್ತು. ಚಿಕಿತ್ಸೆ ಮುಗಿಯುವವರೆಗಿನ ಬಾಡಿಗೆ, ಓಡಾಟದ ಖರ್ಚು ಎಲ್ಲವೂ ಸಿಗಲಿತ್ತು. ಪತ್ರ ಬೆಳಿಗ್ಗೆಯೇ ಆ ಮನೆ ತಲುಪಿತ್ತು. ಇನ್ನು ನಿನ್ನ ದಾರಿ ನಿನ್ನದು ಎಂದು ಅವರು ನಕ್ಕರು.

ಅವಳು ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದಳು. ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದಳು.

ಬಾಗಿಲು ತೆರೆದವನು ಅವನೇ. ಪತ್ರದ ಸುದ್ದಿಗೆ ಕೆಲಸದಿಂದ ಬೇಗ ಬಂದು, ಚಿಕ್ಕಮ್ಮನನ್ನು ಆಗಲೇ ಅಂಗಡಿಗೆ ಕಳಿಸಿದ್ದ.

"ಯಾವ ಕಾಗದಕ್ಕಾದ್ರೂ ಸಹಿ ಬೇಕಿತ್ತಾ?" ಎಂದು ಕೇಳಿದ.

ಅವಳು ಅಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಅವತ್ತು ಮಾತು ತಪ್ಪಿದ್ದು ಯಾಕೆ, ಜಾಗ ಬಿಟ್ಟದ್ದು ಯಾಕೆ, ಮೇಲಧಿಕಾರಿ ಹಾಕಿದ ಷರತ್ತು ಯಾವುದು, ಚಿಕ್ಕಮ್ಮ ಯಾರು... ಅವನ ಮುಖ ನಿಧಾನವಾಗಿ ಸಡಿಲವಾಯಿತು.

"ಅವತ್ತು ನನ್ನ ನೋಡಿ ಮೆಟ್ಟಿಲ ಕಡೆ ತಿರುಗಿದ್ರಲ್ಲ..."

"ತಿರುಗದಿದ್ರೆ ನಿಂತುಬಿಡ್ತಿದ್ದೆ. ನಿಂತಿದ್ರೆ ಮಾತಾಡಿಬಿಡ್ತಿದ್ದೆ."

ಅವನು ಬಾಗಿಲ ಚೌಕಟ್ಟಿಗೆ ಒರಗಿದ. "ಏಳು ವಾರ ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡೇ ಇದ್ದೆ. ಎಷ್ಟು ದಿನ ಆದ್ರೂ ಇಳೀಲೇ ಇಲ್ಲ. ಆಗ ಗೊತ್ತಾಯ್ತು, ಇದು ಬರೀ ಸಿಟ್ಟಲ್ಲ ಅಂತ."

ಅವಳ ಕಣ್ಣು ತುಂಬಿತು. ಒಳಗಿನ ಕೋಣೆಯಿಂದ ತಾಯಿಯ ದನಿ ಬಂತು, ಸಣ್ಣದಾದರೂ ಗಟ್ಟಿಯಾಗಿ. "ಹೊಸ ಔಷಧಿ ಹಿಡಿದಿದೆಯಂತೆ ಅಂತ ಹೇಳೋ ಅವಳಿಗೆ. ಆಮೇಲೆ ನಿಮ್ಮ ಮಾತು ಆಡ್ಕೊಳ್ಳಿ. ನಂಗೇನೂ ಕೇಳಿಸ್ತಿಲ್ಲ."

ಇಬ್ಬರಿಗೂ ನಗು ಬಂತು. ನಗುತ್ತಲೇ ಅವನು ತಲೆ ತಗ್ಗಿಸಿದ.

"ನನ್ನ ಹತ್ರ ಕೊಡೋಕೆ ಏನೂ ಇಲ್ಲ. ನಿಮಗೇ ಗೊತ್ತಲ್ಲ, ಎಲ್ಲ ನೀವೇ ಬರೆದಿದ್ದೀರಿ."

"ಗೊತ್ತಿದ್ದೇ ಬಂದಿದ್ದೀನಿ."

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಬನ್ನಿ," ಎಂದವನು ಒಂದು ಕ್ಷಣ ತಡೆದು, ಮೆಲ್ಲಗೆ, "ಬಾ," ಎಂದ.

"ಬಂದೆ," ಎಂದಳು ಅವಳು, ಹೊಸ್ತಿಲು ದಾಟುತ್ತ.