ಕಲ್ಲು ತೆಗೆದ ಮೇಲೆ ನಿಲ್ಲಿಸಿ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಜುಲೇಖಾ ಎಂಬ ಹೆಣ್ಣುಮಗಳು ಇಳಕಲ್ಲ ಠಾಣೆಗೆ ದೂರು ತಂದಳು. ಅವಳ ಗಂಡ ಅಹ್ಮದಸಾಬ ಊರ ಹೊರಗಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಯಂತ್ರದ ಆಪರೇಟರ್. ಮಗ್ಗ ಬಿಟ್ಟು ಅಲ್ಲಿ ಸೇರಿ ತಿಂಗಳೂ ಆಗಿರಲಿಲ್ಲ. ಸೋಮವಾರ ಮಧ್ಯಾಹ್ನ ಬ್ಲೇಡಿಗೆ ಸಿಕ್ಕು ಅವನ ಬಲಗೈ ಮಣಿಕಟ್ಟಿನವರೆಗೆ ಹೋಗಿತ್ತು.

"ತಪ್ಪು ನನ್ನ ಗಂಡಂದ ಅಂತ ಬರದು ಸಹಿ ಮಾಡು ಅಂತಾರ್ರಿ ಮ್ಯಾನೇಜರ್ರು. ನಾ ಮಾಡಂಗಿಲ್ರಿ."

ಪಿಎಸ್‌ಐ ಮಹೇಶ್ವರಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಧರ್ಮರಾಜನೊಂದಿಗೆ ಕಾರ್ಖಾನೆಗೆ ಹೊರಟಳು.

ಮ್ಯಾನೇಜರ್ ಆನಂದ ತನ್ನದೇ ಕಾರ್ಖಾನೆಯೊಳಗೆ ಮೂಗಿಗೆ ಕರ್ಚೀಫು ಹಿಡಿದುಕೊಂಡು ನಡೆದ.

"ಬೋರ್ಡ್ ಕಣ್ಣ ಮುಂದ ಐತ್ರಿ ಮೇಡಂ. ಓದಿದ್ರ ತಾನ? ಇವರಿಗೆ ಬರದು ಹಾಕೂದಂದ್ರ ಕೋಣನ ಮುಂದ ಕಿನ್ನರಿ ಬಾರಿಸಿದಂಗ."

ಯಂತ್ರದ ಎದುರಿನ ಗೋಡೆಯ ಬೋರ್ಡಿನಲ್ಲಿ ಹೀಗಿತ್ತು: 'ಕಲ್ಲು ಸಿಕ್ಕಿಕೊಂಡರೆ ಮೊದಲು ಯಂತ್ರ ನಿಲ್ಲಿಸಿ. ಬ್ಲೇಡ್ ಪೂರ್ತಿ ನಿಂತ ಮೇಲೆ ಕಲ್ಲು ತೆಗೆಯಿರಿ.' ಬರಹದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಆದರೆ ಯಂತ್ರ, ಗೋಡೆ, ಮೇಲಿನ ಬಲ್ಬು ಕೂಡ ಕಲ್ಲಿನ ಬೂದು ರಾಡಿ ಮೆತ್ತಿಕೊಂಡು ಕುಳಿತಿದ್ದವು. ಬೋರ್ಡಿನ ಮೇಲೆ ಒಂದು ಹನಿಯೂ ಇರಲಿಲ್ಲ. ಮಹೇಶ್ವರಿ ಬೆರಳೊತ್ತಿದಳು. ಬಿಳಿ ಬಣ್ಣ ಬೆರಳಿಗೆ ಅಂಟಿತು.

"ಯಾವಾಗ ಬರಸಿದ್ದು?"

"ಮಶೀನ್ ಬಂದಾಗಿಂದ ಐತ್ರಿ."

ಅವಳು ಹಿಂದೆ ತಿರುಗಿದಳು. "ಧರ್ಮರಾಜ, ಇಲ್ಲೊಬ್ಬ ಪೇದೆ ನಿಲ್ಲಲಿ. ಈ ಬೋರ್ಡ್ ಯಾರೂ ಮುಟ್ಟಬಾರದು."

ಮಧ್ಯಾಹ್ನ ಬಾಗಲಕೋಟೆಯ ಆಸ್ಪತ್ರೆಯಲ್ಲಿ ಅಹ್ಮದಸಾಬನಿಗೆ ಎಚ್ಚರವಿತ್ತು.

"ಬೋರ್ಡ್ ಓದಿದ್ರೇನು?"

"ದಿನಾ ಓದ್ತಿದ್ದೆರಿ. 'ಸಿಕ್ಕ ಕಲ್ಲು ತೆಗೆದ ಮೇಲೆ ಯಂತ್ರ ನಿಲ್ಲಿಸಿ' ಅಂತ ಇತ್ತು."

"ಅನುಮಾನ ಬರಲಿಲ್ಲೇನು?"

"ಬಂತ್ರಿ. ಮ್ಯಾನೇಜರ್ ಸಾಹೇಬ್ರನ್ನ ಕೇಳಿದೆ. 'ಬರದಂಗ ಮಾಡು, ತಲಿ ಓಡಸಬ್ಯಾಡ' ಅಂದ್ರು. ಸುತ್ತ ಇದ್ದವರು ನಕ್ರು. ಮತ್ತ ಕೇಳಾಕ ಮನಸಾಗಲಿಲ್ರಿ."

ಇಷ್ಟು ಹೇಳಿ ಅವನು ಪಟ್ಟಿ ಕಟ್ಟಿದ ಕೈಯನ್ನು ಚಾದರದೊಳಗೆ ಎಳೆದುಕೊಂಡ.

ಬೋರ್ಡಿನ ಮೂಲೆಯಲ್ಲಿ ಬರೆದವನ ಹೆಸರಿತ್ತು: ಬಸಯ್ಯ, ಹುನಗುಂದ. ಬುಧವಾರ ಬೆಳಿಗ್ಗೆ ಧರ್ಮರಾಜ ಅವನನ್ನು ಕಾರ್ಖಾನೆಗೆ ಕರೆತಂದ. ಬಸಯ್ಯ ಮುಚ್ಚಿಡಲಿಲ್ಲ.

"ಸೋಮವಾರ ಸಂಜಿಗೆ ಮ್ಯಾನೇಜರ್ರು ಕರಿಸಿದ್ರು. ಹಳೇದರ ಮ್ಯಾಲ ಬಿಳಿ ಹೊಡದು ಹೊಸಾದು ಬರಿ ಅಂದ್ರು."

ಇಬ್ಬರು ಪಂಚರ ಎದುರು ಅವನು ಟರ್ಪೆಂಟೈನ್ ಅದ್ದಿದ ಅರಿವೆಯಿಂದ ಬೋರ್ಡನ್ನು ತಿಕ್ಕಿದ. ಹೊಸ ಅಕ್ಷರ ಕರಗಿ ಹಳೆಯವು ಒಂದೊಂದಾಗಿ ಮೇಲೆದ್ದವು. ಅಹ್ಮದಸಾಬ ಹೇಳಿದ್ದ ಮಾತೇ, ಅಕ್ಷರ ಬಿಡದೆ. ಕೆಲಸಗಾರರು ದೂರ ನಿಂತು ಓದಿದರು. ಅಂದು ನಕ್ಕವರೂ ಅವರಲ್ಲಿದ್ದರು. ಪಂಚನಾಮೆ ಮುಗಿಯಿತು.

ಠಾಣೆಯಲ್ಲಿ ಆನಂದನ ವಿಚಾರಣೆ ಉದ್ದವಾಗಲಿಲ್ಲ.

"ಹಳೇದನ್ನ ಬರದವರು ಯಾರು?"

"ಮಶೀನ್ ಜೋಡಿ ಬಂದ ಸೂಚನೆ ಇಂಗ್ಲಿಷಿನ್ಯಾಗ ಇತ್ರಿ. ಫೋನಿನ್ಯಾಗ ಅನುವಾದಕ್ಕ ಹಾಕಿದೆ, ಕನ್ನಡ ಬಂತು. ಪೇಂಟರ್‌ಗೆ ಕಳಿಸಿದೆ."

"ಕಳಸೂ ಮೊದಲ ಓದಿದ್ರೇನು?"

"ಇಲ್ರಿ."

"ಅಹ್ಮದಸಾಬ ಬಂದು ಕೇಳಿದಾಗ?"

ಆನಂದ, ತಿಳಿಯದವರಿಗೆ ತಿಳಿಸಿ ಹೇಳುವವನಂತೆ, "ಅದು ಅವರ ಸಲುವಾಗಿ ಬರಸಿದ್ದು ಮೇಡಂ. ನಾ ಯಾಕ ಓದಲಿ?" ಎಂದ.

ಮಹೇಶ್ವರಿ ಎಷ್ಟೋ ಕಿಸೆಗಳ್ಳರನ್ನು ಕಂಡವಳು. ಅವರಾದರೂ ಕೈ ಹಾಕುವ ಮೊದಲು ಎದುರಿನ ಮನುಷ್ಯನನ್ನೊಮ್ಮೆ ನೋಡಿರುತ್ತಾರೆ. ಇವನಿಗೆ ಅಷ್ಟೂ ಬೇಕಾಗಿರಲಿಲ್ಲ. ಹಗೆಯಿಲ್ಲ, ಲಾಭವಿಲ್ಲ, ಅವಸರವೂ ಇರಲಿಲ್ಲ. ಬೋರ್ಡಿನ ಈಚೆ ನಿಂತು ಓದುವವರನ್ನು ಅವನು ಮನುಷ್ಯರ ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೈ ಹೋದ ಮೇಲೆ ಮಾತ್ರ ಎರಡು ಸಾಲು ಸರಿಯಾದ ಕನ್ನಡ ಅವನಿಂದ ಹೊರಟಿತ್ತು, ಅದೂ ತನ್ನ ತಲೆ ಉಳಿಸಿಕೊಳ್ಳಲು.

ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯ ಮತ್ತು ಸಾಕ್ಷ್ಯನಾಶದ ಆರೋಪದ ಮೇಲೆ ಸಂಜೆ ಐದಕ್ಕೆ ಅವನನ್ನು ಬಂಧಿಸಲಾಯಿತು. ಧರ್ಮರಾಜ ಬಂಧನದ ಮೆಮೊ ಮುಂದಿಟ್ಟು ಸಹಿಯ ಜಾಗ ತೋರಿಸಿದ.

ಆನಂದ ಕನ್ನಡಕ ಹಾಕಿಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ತಿರುಗಿಸಿ ಮತ್ತೊಮ್ಮೆ ಓದಿದ. ತಂದೆಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ಎಂದು ಬೆರಳಿಟ್ಟು ತೋರಿಸಿ, ಅದನ್ನು ತಿದ್ದಿಸಿಕೊಂಡ ಮೇಲೆಯೇ ಸಹಿ ಹಾಕಿದ.