ಬಾಗಿಲು ತೆರೆದಾಗ ನಿಂತ ಹನಿ

ಹಲ್ಲುಜ್ಜುತ್ತಲೇ ಕಲಾವಿದೆ ಫೋನ್ ನೋಡಿದಳು. ಏಳು ಗಂಟೆಗೆ ಹೊಸ ಕೃತಿಯನ್ನು ಆನ್‌ಲೈನ್ ಗುಂಪಿಗೆ ಹಾಕಿದ್ದಳು. ಮೂರು ತಿಂಗಳ ಕೆಲಸ. ಮೆಟ್ಟಿಲು ಹತ್ತುವ ಮೀನುಗಳು, ಮೇಲೊಂದು ಬಾಗಿಲು, ಜೊತೆಗೆ ಒಂದೂವರೆ ನಿಮಿಷದ ಸದ್ದು—ನಲ್ಲಿ ತೊಟ್ಟಿಕ್ಕುವುದು, ಬಾಗಿಲು ತೆರೆಯುವುದು. ಎಂಟಕ್ಕೆ ನೂರಾರು ಉತ್ತರ ಬಂದಿದ್ದವು—ಹೊಗಳಿಕೆ ಒಂದೂ ಇರಲಿಲ್ಲ.

“ಕಳ್ಳಿ!”

“ನಾಚಿಕೆ ಆಗಲ್ವಾ?”

ಅದೇ ಕೃತಿಯನ್ನು ‘ಬೂದಿಬೆಕ್ಕು’ ಎಂಬ ಹೊಸ ಸದಸ್ಯರು ಯಾರೋ ನಿನ್ನೆ ಮಧ್ಯಾಹ್ನವೇ ಹಾಕಿದ್ದರು! ಅದೇ ಮೀನು, ಅದೇ ಮೆಟ್ಟಿಲು. ಇವಳು ತನ್ನ ಕೆಲಸದ ಕಡತಗಳನ್ನೆಲ್ಲ ಗುಂಪಿನ ಮುಖ್ಯಸ್ಥರಿಗೆ ಕಳಿಸಿದಳು. ಉತ್ತರ ಚುಟುಕಾಗಿತ್ತು: ಕಡತದ ತಾರೀಖು ಯಾರು ಬೇಕಾದರೂ ತಿದ್ದಬಹುದು. ಸಂಜೆ ಐದರೊಳಗೆ ಬೇರೆ ಸಾಕ್ಷಿ ಕೊಡಿ. ಇಲ್ಲದಿದ್ದರೆ ನೀವು ಹೊರಗೆ; ಹನ್ನೆರಡು ವರ್ಷದ ನಿಮ್ಮ ಪುಟವನ್ನೂ ಅಳಿಸುತ್ತೇವೆ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ತಂಗಿಯ ಕೋಣೆಗೆ ನುಗ್ಗಿದಳು.

“ನೀನೇ ತಾನೇ? ಮೊನ್ನೆ ಇದನ್ನ ನಿನ್ನ ಫೋನಿಗೆ ಕಳಿಸಿದ್ದೆ. ಹೋದ ವಾರ ಜಗಳ ಆಡಿದಾಗ ಏನಂದೆ? ನಿನ್ನ ಆ ಗುಂಪಿಗೆ ಬೆಂಕಿ ಬೀಳಲಿ ಅಂದೆ!”

“ಅಂದೆ. ಅಷ್ಟಕ್ಕೇ ಕದ್ದುಬಿಟ್ನಾ?”

“ಕಳ್ಳಿ! ಮನೇಲೇ ಸಾಕಿಕೊಂಡಿದೀನಿ ಕಳ್ಳೀನ!”

ತಂಗಿ ಅಕ್ಕನನ್ನು ಆಚೆಗೆ ತಳ್ಳಿ ಬಾಗಿಲು ಹಾಕಿಕೊಂಡಳು.

ಹತ್ತು ಗಂಟೆಗೆ ಸೋದರತ್ತೆ ಬಂದಳು. ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಬೆಂಕಿ ಅಪಘಾತಗಳ ತನಿಖೆ ಮಾಡಿ ನಿವೃತ್ತಳಾದ ಹೆಂಗಸು. ಬೂದಿಯನ್ನು ಮೂಸಿಯೇ ಸುಳ್ಳು ಹಿಡಿಯುತ್ತಿದ್ದಳಂತೆ. ಕನ್ನಡಕ ಏರಿಸಿ ಪರದೆ ನೋಡಿದಳು.

“ಇದೇನೇ ಇದು? ಮೀನು ಮಹಡಿಗೆ ಹೊರಟಿದೆ?”

“ಅತ್ತೆ, ತಮಾಷೆ ಬೇಡ. ನನ್ನ ಪ್ರಾಣ ಹೋಗ್ತಿದೆ.”

“ಹೋಗಲ್ಲ, ಕೂತ್ಕೋ. ಇದು ಯಾರ್ಯಾರ ಕೈಗೆ ಹೋಗಿತ್ತು?”

ಮೂವರ ಕೈಗೆ. ತಂಗಿಗೆ ಪೂರ್ತಿ ಸಿದ್ಧವಾದ ಕೃತಿ. ಕೆಳಗಿನ ಮುದ್ರಣದಂಗಡಿಯವನಿಗೆ ಚಿತ್ರ. ಇನ್ನು ಗೆಳತಿಗೆ—ರೇಡಿಯೊದಲ್ಲಿ ಸದ್ದು ಸಂಕಲಿಸುವವಳು, ಎಂಟು ವರ್ಷದಿಂದ ಇವಳ ಜೋಡಿ. ಆ ಗುಂಪಿನ ರೂಢಿಯೇ ಹಾಗೆ. ಪ್ರತಿಯೊಬ್ಬರಿಗೂ ಒಬ್ಬ ಜೋಡಿ. ಕೆಲಸ ಮುಗಿಯುವ ಮೊದಲು ಚಿತ್ರ, ಸದ್ದು ಎಲ್ಲವನ್ನೂ ಬಿಡಿಬಿಡಿಯಾಗಿ ಜೋಡಿಯ ಕೈಗೆ ಕೊಡಬೇಕು, ಎದುರುಬದುರು ಕೂತು ತಪ್ಪು ಕೇಳಬೇಕು. ಏನನ್ನೂ ಬರೆದಿಡುವಂತಿಲ್ಲ.

“ಅವಳನ್ನ ಬಿಡಿ ಅತ್ತೆ. ಅವಳು ನನ್ನ ಜೀವ.”

ಅತ್ತೆ ಯಾರನ್ನೂ ಬಿಡಲಿಲ್ಲ. ಮೂವರನ್ನೂ ಕೇಳಿದ್ದು ಒಂದೇ ಪ್ರಶ್ನೆ—ಇದರಲ್ಲಿ ತಪ್ಪೇನು?

ಮುದ್ರಕ ತಲೆ ಕೆರೆದುಕೊಂಡ. “ನೀಲಿ ಸ್ವಲ್ಪ ಜಾಸ್ತಿ. ಅಚ್ಚಿಗೆ ಹಾಕಿದ್ರೆ ಕಪ್ಪಾಗುತ್ತೆ.”

“ಸದ್ದು ಹೇಗಿದೆ?”

“ಸದ್ದಾ? ಚಿತ್ರಕ್ಕೆ ಎಂಥ ಸದ್ದಮ್ಮ?”

ತಂಗಿ ಬಾಗಿಲಿನ ಹಿಂದಿನಿಂದಲೇ ಉತ್ತರಿಸಿದಳು. “ತಪ್ಪೇನೂ ಇಲ್ಲ. ಮೀನಿನ ಕಣ್ಣು ಅಪ್ಪನ ಕಣ್ಣಿನ ಹಾಗಿದೆ. ಅಷ್ಟೆ.”

ಮೂರು ಗಂಟೆಗೆ ಗೆಳತಿ ಓಡಿಬಂದಳು. ಕಲಾವಿದೆಯನ್ನು ಅಪ್ಪಿಕೊಂಡು, “ಯಾರೇ ಆ ಪಾಪಿ?” ಎಂದಳು.

“ಮುಖ್ಯಸ್ಥರಿಗೆ ನೀನು ಸಾಕ್ಷಿ ಬರೆದ್ಯಾ?” ಅತ್ತೆ ಕೇಳಿದಳು.

“ಬರೀತೀನಿ. ಇದೋ, ಈಗ.”

“ಆಮೇಲೆ ಬರಿ. ಮೊದಲು ಹೇಳು, ಈ ಕೃತೀಲಿ ತಪ್ಪೇನು?”

ಗೆಳತಿ ನಕ್ಕಳು. “ಆ ನಲ್ಲಿ! ಬಾಗಿಲು ತೆರೆದ ಮೇಲೂ ತೊಟ್ಟಿಕ್ಕುತ್ತಲೇ ಇರುತ್ತೆ. ನಿಲ್ಲಿಸು ಅಂತ ಬಡ್ಕೊಂಡೆ. ಕೇಳಿದ್ರೆ ತಾನೇ ಇವಳು?”

“ನಮ್ಮನೆ ನಲ್ಲಿ ಯಾರು ಬಂದ್ರೂ ನಿಲ್ಲಲ್ಲ,” ಎಂದಳು ಕಲಾವಿದೆ. “ಅದಕ್ಕೇ ಹಾಗಿಟ್ಟೆ.”

ಅತ್ತೆ ಅವಳತ್ತ ತಿರುಗಿದಳು. “ಬೂದಿಬೆಕ್ಕಿನದನ್ನ ನೀನು ಕೇಳಿದ್ಯಾ?”

“ನೋಡಿದೆ.”

“ಎಲ್ರೂ ನೋಡಿದಾರೆ. ಕೇಳಿದ್ಯಾ?”

ಇಲ್ಲ. ಸಿಟ್ಟಿನಲ್ಲಿ ಕಿವಿಗೆ ಪುರುಸೊತ್ತೆಲ್ಲಿತ್ತು? ಅತ್ತೆ ಗುಂಡಿ ಒತ್ತಿದಳು. ಟಪ್... ಟಪ್... ಕಿರ್ರೆಂದು ಬಾಗಿಲು ತೆರೆಯಿತು.

ಹನಿ ನಿಂತಿತು. ಬಾಗಿಲಿನ ಸದ್ದಿಗೆ ಮಾತ್ರ ಒಂದಿಷ್ಟೂ ಪೆಟ್ಟಾಗಿರಲಿಲ್ಲ.

“ಚಿತ್ರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ,” ಎಂದಳು ಅತ್ತೆ. “ಬದಲಾಗಿರೋದು ಇದೊಂದೇ. ಮುದ್ರಕನ ಹತ್ತಿರ ಸದ್ದೇ ಇರಲಿಲ್ಲ. ತಂಗಿ ಹತ್ತಿರ ಇದ್ದದ್ದು ಎಲ್ಲ ಬೆರೆತ ಸದ್ದು. ಅದರಿಂದ ಹನಿಯನ್ನ ಮಾತ್ರ ಇಷ್ಟು ನಯವಾಗಿ ತೆಗೆಯೋಕಾಗುತ್ತಾ?”

“ಆಗಲ್ಲ,” ಎಂದಳು ಕಲಾವಿದೆ. “ಹನಿ ಬೇರೆ, ಬಾಗಿಲು ಬೇರೆ ಇರಬೇಕು. ಬಿಡಿಯಾಗಿ ಇರೋದು ನನ್ನ ಹತ್ರ. ಮತ್ತೆ...”

ಅವಳು ಗೆಳತಿಯತ್ತ ತಿರುಗಿದಳು. ಗೆಳತಿಯ ಮುಖ ಬಿಳಿಚಿಕೊಂಡಿತ್ತು.

“ಕದ್ದವಳು ಹಾಗೇ ಹಾಕಿದ್ದಿದ್ರೆ ನನ್ನ ಕೈಗೆ ಸಿಗ್ತಿರಲಿಲ್ಲ,” ಅತ್ತೆ ಮೆಲ್ಲಗೆ ಹೇಳಿದಳು. “ತಿದ್ದದೆ ಇರೋಕಾಗಲಿಲ್ಲ, ಅಲ್ವಾ ಮಗಳೇ?”

“ಹೌದು!” ಗೆಳತಿ ಸಿಡಿದಳು. “ಎಂಟು ವರ್ಷ ಇವಳ ಪ್ರತಿ ಕೆಲಸದಲ್ಲೂ ನನ್ನ ಕಿವಿ ಇದೆ. ಒಂದು ಕಡೆಯಾದ್ರೂ ನನ್ನ ಹೆಸರಿದೆಯಾ? ಜನ ಇವಳನ್ನ ಹೊಗಳೋದು, ನಾನು ಚಪ್ಪಾಳೆ ತಟ್ಟೋದು!”

“ಕೇಳಿದ್ದಿದ್ರೆ ಕೊಡ್ತಿದ್ನಲ್ಲೇ!”

“ಕೇಳಬೇಕಿತ್ತಾ?”

ಕಲಾವಿದೆ ಬೈಯಲು ಮಾತು ಹುಡುಕಿದಳು. ಒಳ್ಳೆಯ ಮಾತನ್ನೂ ಕೆಟ್ಟ ಮಾತನ್ನೂ ಇಷ್ಟು ವರ್ಷ ಇವಳಿಗೇ ಹೇಳಿ ಅಭ್ಯಾಸವಾಗಿತ್ತು.

ಅತ್ತೆಯ ಎದುರೇ ಕೂತು ಗೆಳತಿ ಮುಖ್ಯಸ್ಥರಿಗೆ ತಪ್ಪೊಪ್ಪಿಗೆ ಬರೆದಳು, ಚೀಲ ಎತ್ತಿಕೊಂಡು ಹೊರಟುಹೋದಳು. ಐದಕ್ಕೆ ಹತ್ತು ನಿಮಿಷ ಇರುವಾಗ ಮುಖ್ಯಸ್ಥರಿಂದ ಕ್ಷಮೆಯ ಸಂದೇಶ ಬಂತು. ಪುಟ ಉಳಿಯಿತು. ಬೆಳಿಗ್ಗೆ ಬೈದವರೇ ಈಗ ಸಾಲುಸಾಲಾಗಿ ಹೊಗಳತೊಡಗಿದರು.

ಅವಳು ಫೋನನ್ನು ಮಗುಚಿಟ್ಟು ತಂಗಿಯ ಕೋಣೆಯತ್ತ ನಡೆದಳು. ಕೃತಿಯೊಳಗಿನ ಬಾಗಿಲಿನ ಸದ್ದು ಈ ಬಾಗಿಲಿನದೇ. ಮೆಲ್ಲಗೆ ತಟ್ಟಿದಳು.

“ಯಾರು?”

“ನಾನು ಕಣೇ. ಸಿಕ್ಕಿಬಿದ್ಲು. ನೀನಲ್ಲ ಅಂತ ಗೊತ್ತಾಯ್ತು.”

ಬಾಗಿಲು ಕಿರ್ರೆಂದು ನಾಲ್ಕು ಬೆರಳಿನಷ್ಟು ತೆರೆಯಿತು.

“ಅವಳನ್ನ ಎಂಟು ವರ್ಷ ನಂಬಿದೆ,” ಎಂದಳು ತಂಗಿ. “ನನ್ನನ್ನ ಎಂಟು ನಿಮಿಷ ನಂಬೋಕಾಗಲಿಲ್ವಾ ಅಕ್ಕ?”

ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.